ನೀರಿನಲ್ಲಿ ಉಳಿದವಳನ್ನು ಅಳಿಸಬೇಡಿ

ಹುಲಿಗೊಪ್ಪ,
೨೧೮೮ರ ಫೆಬ್ರುವರಿ ಮೂವತ್ತು

‘ಭಾನುವಾರದ ಬೆಳಕು’ ಗುಂಪಿನ ಎಲ್ಲ ಛಾಯಾಗ್ರಾಹಕರಿಗೆ,

ತಾರೀಖು ತಪ್ಪಾಗಿ ಬಿದ್ದಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿದ್ದಾರೆ. ಉಳಿದ ದಿನಗಳು ವರ್ಷದ ಕೊನೆಗೆ ಹೋಗುತ್ತವೆ. ಮುಂದೆಯೂ ಕೆಲವು ಮಾತು ನಿಮಗೆ ಹೊಸದಾಗಿ ಕೇಳಿಸಬಹುದು, ಮನ್ನಿಸಿ. ಕೋಪವನ್ನು ಮಾತ್ರ ಮನ್ನಿಸಬೇಕಾಗಿಲ್ಲ. ಅದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಹಿಂದಿನವರ ಮೇಲೆ ದೂರಿದ್ದರೆ ಅವರಿಗೇ ಕಾಗದ ಬರೆದು ಹಾಕುವ ಪದ್ಧತಿ ನಮ್ಮಲ್ಲಿದೆ, ಅದಕ್ಕೆ ಹಿಂಬರಹ ಎನ್ನುತ್ತೇವೆ. ಅದು ತಲುಪುತ್ತದೆಂದು ಯಾರೂ ಸಾಬೀತು ಮಾಡಿಲ್ಲ. ತಲುಪುವುದಿಲ್ಲವೆಂದೂ ಮಾಡಿಲ್ಲ.

ಮೊದಲು ಇಲ್ಲಿಯ ಸ್ಥಿತಿ. ನೀವು ವಾರವಾರ ಕ್ಯಾಮೆರಾ ಹೊತ್ತು ಹೋಗುತ್ತಿದ್ದ ನೀಲವ್ವನ ಕೆರೆ ಇನ್ನೂ ಇದೆ. ಆವಿ ಹಾರದಂತೆ ಅದರ ಮೇಲೆ ಬಿಳಿ ಬಟ್ಟೆಯ ಚಪ್ಪರ ಹಾಕಿದ್ದಾರೆ, ಸುತ್ತ ಗೋಡೆ ಕಟ್ಟಿದ್ದಾರೆ. ಒಳಗೆ ಹೋಗಲು ದಡಹಕ್ಕು ಬೇಕು. ತಮ್ಮ ಹಿರಿಯರು ಈ ದಡವನ್ನು ಬಳಸುತ್ತಿದ್ದರೆಂದು ಹಳೆಯ ಚಿತ್ರದಲ್ಲಿ ತೋರಿಸಿದ ಮನೆತನಕ್ಕೆ ಕೆರೆಯಲ್ಲಿ ಪಾಲು ಸಿಗುತ್ತದೆ. ತೋರಿಸಲಾಗದವರಿಗೆ ಬೀದಿ ನಲ್ಲಿಯ ಕುಡಿಯುವ ನೀರಷ್ಟೇ. ನಮ್ಮದು ಮಡಿವಾಳರ ಓಣಿ. ಬಟ್ಟೆ ಒಗೆಯುವುದೇ ನಮ್ಮ ಕಸುಬು, ಆದರೆ ನೀರು ಮುಟ್ಟುವಂತಿಲ್ಲ. ಹಾಗಾಗಿ ಒಣಮಡಿ ಮಾಡುತ್ತೇವೆ: ಕಾಯಿಸಿದ ನುಣ್ಣನೆಯ ಮರಳಿನಲ್ಲಿ ಬಟ್ಟೆಯನ್ನು ಹೊರಳಿಸಿ, ಬಡಿದು, ಬಿಸಿಲಿಗೆ ಹರಡುತ್ತೇವೆ. ಕೊಳೆ ಹೋಗುತ್ತದೆ, ವಾಸನೆ ಉಳಿಯುತ್ತದೆ. ಮರಳಿನ ಪುಡಿ ಕುಡಿದು ನಮ್ಮ ಓಣಿಯಲ್ಲಿ ಕೆಮ್ಮದ ಮನೆಯಿಲ್ಲ. ನಾವು ಒಗೆಯುತ್ತಿದ್ದ ಕಲ್ಲುಗಳು ಗೋಡೆಯೊಳಗೆ ಇವೆ, ಸವೆದು ನುಣುಪಾಗಿವೆ. ಆದರೆ ಕಲ್ಲಿದ್ದರೆ ಸಾಲದಂತೆ. ಕಲ್ಲಿನ ಹತ್ತಿರ ನಮ್ಮವರಿದ್ದರೆಂದು ತೋರಿಸಬೇಕಂತೆ.

ಹಳೆಯ ಫೋನುಗಳಲ್ಲಿದ್ದ ಚಿತ್ರಗಳನ್ನೂ ಅವುಗಳ ಜೊತೆಗಿನ ಮಾತುಕತೆಯನ್ನೂ ತುಂಬಿಟ್ಟ ಚಿತ್ರಕಣಜ ಊರಲ್ಲಿದೆ. ನಾನು ಅಲ್ಲಿ ಹೋಗಿ ಕುಳಿತೆ. ಕೆರೆಯ ಚಿತ್ರಗಳ ದೊಡ್ಡ ರಾಶಿಯೆಲ್ಲ ನಿಮ್ಮ ಗುಂಪಿನದೇ. ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ: ಚಿತ್ರಗಳು ಚಂದ ಇವೆ. ಮಿಂಚುಳ್ಳಿ ಮೀನಿನೊಂದಿಗೆ ಮೇಲೆದ್ದ ಕ್ಷಣವನ್ನು ಹಿಡಿದಿದ್ದೀರಿ, ಮಂಜಿನಲ್ಲಿ ಕರಗಿದ ಗುಡಿಯ ಶಿಖರವನ್ನು ಹಿಡಿದಿದ್ದೀರಿ. ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಮನಸಾರೆ ಖುಷಿಪಟ್ಟಿದ್ದೀರಿ, ಹೊಸಬರಿಗೆ ಲೆನ್ಸು ಎರವಲು ಕೊಟ್ಟಿದ್ದೀರಿ. ಆದರೆ ನಿಮ್ಮನ್ನು ಬಿಟ್ಟರೆ ನಿಮ್ಮ ಕೆರೆಯ ದಡದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಲ್ಲುಗಳಿವೆ, ಒದ್ದೆಯಾಗಿವೆ. ಒದ್ದೆ ಮಾಡಿದವರಿಲ್ಲ. ಕಾರಣ ನಿಮ್ಮ ಮಾತುಗಳಲ್ಲೇ ಸಿಕ್ಕಿತು. ನಿಮ್ಮಲ್ಲಿ ಅತಿ ದೊಡ್ಡ ಹೊಗಳಿಕೆ ‘ಕ್ಲೀನ್’. ಚಿತ್ರ ಕ್ಲೀನ್ ಆಗಬೇಕಾದರೆ ಅಡ್ಡ ಬಂದದ್ದನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು. ಕರೆಂಟಿನ ತಂತಿ, ಪ್ಲಾಸ್ಟಿಕ್ ಚೀಲ, ನಮ್ಮ ಹಿರಿಯರು.

ಒಂದು ಭಾನುವಾರದ ಮಾತುಕತೆ ನನ್ನ ಮುಂದಿದೆ. ವಿಮಾ ಕಚೇರಿಯ ವಸಂತ ಹುದ್ದಾರ ಅವರು ಚಿತ್ರ ಹಾಕಿ ಬರೆದಿದ್ದಾರೆ: “ನಸುಕಿನ್ಯಾಗ ಎದ್ದು ಕೆರಿಗೆ ಹೋಗಿದ್ದೆ. ಹೆಂಗೈತಿ ಹೇಳ್ರಿ. ಅಡ್ಡ ಇದ್ದದ್ದು ಸ್ವಲ್ಪ ತಗದೇನಿ.” ಗುಂಪಿನ ಹಿರಿಯರಾದ ಹಲ್ಲಿನ ಡಾಕ್ಟರು ಇಂಗಳಗಿ ಅವರ ಉತ್ತರ: “ಫ್ರೇಮ್ ಭಾಳ ಕ್ಲೀನ್ ಐತ್ರಿ ಹುದ್ದಾರ ಸರ್. ಸ್ವಿಟ್ಜರ್ಲೆಂಡ್‌ಗೆ ಯಾವಾಗ ಹೋಗಿದ್ರಿ ಅಂದ್ಕೊಂಡೆ!” ಆಮೇಲೆ ಶಾಲೆಯ ಟೀಚರು ನಫೀಸಾ ಮುಲ್ಲಾ ಅವರದು: “ಸರ್, ದಂಡಿ ಮ್ಯಾಲೆ ಯಾರೂ ಇಲ್ಲ. ನೀರಾಗ ಮಾತ್ರ ಒಬ್ಬಾಕಿ ಬಟ್ಟಿ ಒಗ್ಯಾಕತ್ತಾಳ. ಯಾರ್ರೀ ಆಕಿ?”

ದಡದ ಮೇಲಿದ್ದವಳನ್ನು ಹುದ್ದಾರ ಅವರು ಅಳಿಸಿದ್ದರು. ನೀರಿನಲ್ಲಿದ್ದ ಅವಳ ಪ್ರತಿಬಿಂಬವನ್ನು ಮರೆತಿದ್ದರು.

ನೀವೆಲ್ಲ ನಕ್ಕಿರಿ. “ದೆವ್ವ ಇರ್ಬೇಕ್ರಿ. ಬಟ್ಟಿ ಒಗಿಯೋ ದೆವ್ವ ಆದ್ರ ನಮ್ಮನಿಗೆ ಕಳಸ್ರಿ, ವಾಷಿಂಗ್ ಮಷೀನ್ ಕೆಟ್ಟೈತಿ” ಎಂದರು ಇಂಗಳಗಿ. “ಅಯ್ಯ, ನೀರಾಗಿಂದು ನೋಡೇ ಇಲ್ಲಲ್ರೀ ಮಾರಾಯ್ರ! ತಡೀರಿ, ಇದನ್ನ ಡಿಲೀಟ್ ಮಾಡಿ ಸರಿ ಮಾಡಿದ್ದು ಹಾಕ್ತೀನಿ” ಎಂದರು ಹುದ್ದಾರ. ಹಾಕಿದರು. “ಈಗ ಬೆಂಕಿ ಸರ್!” ಎಂದರು ನಫೀಸಾ. ಕಣಜದಲ್ಲಿ ಉಳಿದಿರುವುದು ಆ ಸರಿ ಮಾಡಿದ ಚಿತ್ರ. ಮೊದಲನೆಯದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲಿದೆ.

ನಾನು ಆ ಹಾಸ್ಯವನ್ನೇ ದಡಹಕ್ಕು ತೀರ್ಮಾನಿಸುವ ದಡಸಭೆಗೆ ಒಯ್ದೆ. ಸಭೆಯ ಹಿರಿಯರು ಓದಿದರು, ಅವರಿಗೂ ನಗು ಬಂತು. “ಚಾಷ್ಟಿ ಮಾತು ಪುರಾವೆ ಆಗೂದಿಲ್ಲವ್ವ. ಚಿತ್ರ ಇದ್ರ ತೋರಸು” ಎಂದರು. ನನ್ನ ಪಕ್ಕ ಕುಳಿತಿದ್ದ ಚಿಗವ್ವ ಕಲ್ಲವ್ವ ಎದ್ದು ನಿಂತಳು. “ದೆವ್ವ ಅಲ್ರೀ ಆಕಿ! ನಮ್ಮ ಫಕೀರವ್ವ! ಮೂಡಲ ಕಲ್ಲು ಆಕಿದು!” ಎಂದು ಕೂಗುವಾಗ ಕೆಮ್ಮು ಹತ್ತಿ, ಮಾತು ಅಲ್ಲಿಗೇ ನಿಂತಿತು. ಫಕೀರವ್ವ ನಮ್ಮ ಮುತ್ತಜ್ಜಿಯ ಮುತ್ತಜ್ಜಿ. ಮೂಡಲ ದಿಕ್ಕಿನ ಕಲ್ಲಿನಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು ಎಂಬುದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ನೀರಿನಲ್ಲಿದ್ದವಳು ಅವಳೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನೋಡಿ ಹೇಳೋಣವೆಂದರೆ ನೀವು ಬಿಟ್ಟಿದ್ದರೆ ತಾನೆ?

ಅದೇ ದಿನ ಇಂಗಳಗಿ ಡಾಕ್ಟರ ವಂಶದವರಿಗೆ ದಡಹಕ್ಕು ಸಿಕ್ಕಿತು. ಡಾಕ್ಟರು ಒಮ್ಮೆ ಅದೇ ಮೂಡಲ ಕಲ್ಲಿನ ಮೇಲೆ ಟ್ರೈಪಾಡ್ ನಿಲ್ಲಿಸಿ ತೆಗೆದುಕೊಂಡ ಸೆಲ್ಫಿ ಪುರಾವೆಯಾಯಿತು. ಫೋಟೊ ತೆಗೆಯಲು ಬಂದವರು ದಡದವರಾದರು. ಬಟ್ಟೆ ಕ್ಲೀನ್ ಮಾಡುತ್ತಿದ್ದವಳನ್ನು ತೆಗೆದು ಚಿತ್ರ ಕ್ಲೀನ್ ಆಯಿತು. ನಿಮ್ಮ ವಾರ್ಷಿಕ ಪ್ರದರ್ಶನದ ಚಿತ್ರದಲ್ಲಿ ಹುದ್ದಾರ ಅವರು ಗರಿಗರಿಯಾದ ಬಿಳಿ ಅಂಗಿಯಲ್ಲಿ ನಿಂತಿದ್ದಾರೆ. ಆ ಅಂಗಿಯನ್ನು ಯಾರು ಒಗೆದರೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹಕ್ಕಿಯ ಒಂದೊಂದು ಗರಿ ಸ್ಪಷ್ಟವಾಗಿ ಬರಲೆಂದು ಚಳಿಯಲ್ಲಿ ಕಾದು ಕೂತ ಜನ ನೀವು. ಅದೇ ಚಳಿಯಲ್ಲಿ ದಡದ ಮೇಲೆ ಬಾಗಿ ಒಗೆಯುತ್ತಿದ್ದವಳು ನಿಮಗೆ ಕಸವಾಗಿ ಕಂಡಳು. ಸರಿ ಮಾಡುತ್ತೇನೆ ಎಂದು ಒಬ್ಬರು ಹೇಳಿದಾಗ, ಯಾವುದನ್ನು ಎಂದು ಕೇಳಲು ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲ.

ಸೋಮವಾರ ದಡಸಭೆಯ ಕೊನೆಯ ವಿಚಾರಣೆ. ಅದಾದ ಮೇಲೆ ನಮ್ಮ ಓಣಿಯ ಕಡೆಗಿರುವ ಬಾಗಿಲಿಗೆ ಗೋಡೆ ಕಟ್ಟುತ್ತಾರೆ. ಕಲ್ಲವ್ವ ಆಗಲೇ ಉಡಲು ಸೀರೆ ತೆಗೆದಿಟ್ಟಿದ್ದಾಳೆ, ಒಣಮಡಿಯ ಸೀರೆ. ಹಾಗಾಗಿ ಈ ಕಾಗದ ಆ ಭಾನುವಾರವೇ, ನೀವು ನಗುತ್ತಿರುವ ಹೊತ್ತಿಗೇ ತಲುಪಲಿ. ಹುದ್ದಾರ ಅವರೇ, ದಡದ ಮೇಲಿದ್ದವಳು ಹೋದಳು, ಆ ಮಾತು ಮುಗಿಯಿತು. ಇನ್ನು ಬೆರಳು ತೆಗೆಯಿರಿ. ನೀರಿನಲ್ಲಿರುವವಳ ಕೈಯಲ್ಲಿ ಇನ್ನೂ ಬಟ್ಟೆಯಿದೆ. ಒಗೆದು ಮುಗಿಸಲಿ, ಬಿಡಿ.

ಮಾಚವ್ವ ಮಡಿವಾಳರ
ಮಡಿವಾಳರ ಓಣಿ, ಗೋಡೆಯ ಹೊರಗೆ