ನದಾಫ್ ಕಾಕಾ ಪರೀಕ್ಷೆಗೆ ಕೂತದ್ದು

ಬ್ಯಾಡಗಿ, ಉರಿಗಾಲದ ನಲವತ್ತೊಂದನೆಯ ದಿನ, ೨೧೩೪

ತಂಪು ಯಂತ್ರಗಳ ಗ್ಯಾಸ್ ಕೆಲಸ ಕಲಿಯುತ್ತಿರುವ ನಿಮಗೆ,

ಈ ತಾರೀಖು ನಿಮ್ಮ ಗೋಡೆಯ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಮಾರ್ಚಿನಿಂದ ಜೂನ್‌ವರೆಗಿನ ದಿನಗಳನ್ನು ನಾವು ಒಟ್ಟಾಗಿ ಉರಿಗಾಲ ಎನ್ನುತ್ತೇವೆ, ಒಂದರಿಂದ ಶುರು ಮಾಡಿ ಎಣಿಸುತ್ತೇವೆ. ಇಂಥ ಅಪರಿಚಿತ ಮಾತುಗಳು ಇನ್ನೂ ಒಂದೆರಡು ಬರುತ್ತವೆ. ಕ್ಷಮೆಯಿರಲಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಕಸ್ತೂರೆವ್ವ ಲಮಾಣಿ. ವಯಸ್ಸು ನಲವತ್ತೇಳು. ಇಲ್ಲಿನ ತರಬೇತಿ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಪರೀಕ್ಷಕಿ. ಗ್ಯಾಸ್ ಮುಟ್ಟುವವರು ನಮ್ಮಲ್ಲಿ ಕಲಿತು, ಪಾಸಾಗಿ, ತಣ್ಮುದ್ರೆ ಪಡೆಯಬೇಕು. ತಣ್ಮುದ್ರೆಯೆಂದರೆ ಕೊರಳಲ್ಲಿ ಹಾಕಿಕೊಳ್ಳುವ ತಾಮ್ರದ ಬಿಲ್ಲೆ. ಅದನ್ನು ತಾಗಿಸದೆ ಯಾವ ಯಂತ್ರದ ವಾಲ್ವೂ ತೆರೆಯುವುದಿಲ್ಲ. ಮೂರು ವರ್ಷಕ್ಕೊಮ್ಮೆ ಎಲ್ಲರೂ ಮತ್ತೆ ಪರೀಕ್ಷೆಗೆ ಕೂರಬೇಕು.

ಉರಿಗಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗುತ್ತದೆ. ಸಂಜೆ ಐದರವರೆಗೆ ಊರೆಲ್ಲ ತಂಪುಮನೆಗಳೊಳಗೆ. ಮೋಟೆಬೆನ್ನೂರು ರಸ್ತೆಯ ನಮ್ಮ ತಂಪುಮನೆ ನಿಮ್ಮ ಕಾಲದಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಆಗಿತ್ತು. ಗೋಡೆಗೆ ಹತ್ತಿದ ಘಾಟು ಇಂದಿಗೂ ಹೋಗಿಲ್ಲ, ಮೊದಲ ಸಲ ಬಂದ ಕೂಸುಗಳು ಸೀನುತ್ತವೆ. ಒಂಬೈನೂರು ಜನ ರೊಟ್ಟಿ ಗಂಟು ಕಟ್ಟಿಕೊಂಡು ಬರುತ್ತಾರೆ. ಒಂದು ಮೂಲೆಯಲ್ಲಿ ಮಕ್ಕಳ ಶಾಲೆ ನಡೆಯುತ್ತದೆ, ಇನ್ನೊಂದರಲ್ಲಿ ಹೊಲಿಗೆ ಯಂತ್ರಗಳು, ನಡುವೆ ಮುದುಕರ ಇಸ್ಪೀಟು. ಇದನ್ನೆಲ್ಲ ತಂಪಾಗಿಟ್ಟಿರುವುದು ನಿಮ್ಮ ಕಾಲದ ಗ್ಯಾಸು. ಅದನ್ನು ತಯಾರಿಸುವುದು ನಿಂತು ಐವತ್ತು ವರ್ಷವಾಯಿತು. ಹಳೆ ಯಂತ್ರಗಳಿಂದ ಹಿಡಿದಿಟ್ಟದ್ದೇ ನಮಗೆ ಗತಿ. ಸೋರಿಹೋದರೆ ಮತ್ತೆ ತುಂಬಲು ಇಲ್ಲ.

ಆ ತಂಪುಮನೆಯನ್ನು ಮೂವತ್ತು ವರ್ಷ ನೋಡಿಕೊಂಡವರು ಇಮಾಮಸಾಬ ನದಾಫ್. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಪೈಪ್ ಬೆಸುಗೆಯಿಂದ ಹಿಡಿದು ಈ ಕೆಲಸವನ್ನೆಲ್ಲ ಕಲಿಸಿದವರು ಅವರೇ. ನದಾಫ್ ಕಾಕಾ ಎನ್ನುತ್ತೇನೆ. ಹೋದ ವರ್ಷ, ಉರಿಗಾಲದ ಒಂಬತ್ತನೆಯ ದಿನ, ಅವರ ಸರದಿ ಮೊದಲ ಸಲ ನನ್ನ ಮುಂದೆ ಬಂತು.

"ಏನವ್ವಾ, ನನಗ ಪರೀಕ್ಷೆ ಮಾಡಾಕ ನೀನ ಕುಂತೀಯಲ್ಲ!" ಎಂದು ನಗುತ್ತಲೇ ಕೈಗವಸು ಹಾಕಿಕೊಂಡರು.

ಯಂತ್ರದಿಂದ ಗ್ಯಾಸನ್ನು ಸಿಲಿಂಡರಿಗೆ ಇಳಿಸುವುದು ಪರೀಕ್ಷೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಇಪ್ಪತ್ತು ಕಿಲೋ ದಾಟದಂತೆ ನಿಲ್ಲಿಸಬೇಕು. ಬಿಸಿಲಿಗೆ ಗ್ಯಾಸು ಹಿಗ್ಗುತ್ತದೆ, ಮೇಲೆ ಜಾಗ ಬಿಡದಿದ್ದರೆ ಸಿಲಿಂಡರ್ ಸಿಡಿಯುತ್ತದೆ. ಕಾಕಾ ತಕ್ಕಡಿಯ ಕಡೆ ನೋಡಲೇ ಇಲ್ಲ. ಸಿಲಿಂಡರನ್ನು ಒಂದು ಕೈಯಲ್ಲಿ ತುಸು ಎತ್ತಿ ನೋಡಿ, "ಸಾಕು, ತುಂಬೇತಿ" ಎಂದು ವಾಲ್ವ್ ಮುಚ್ಚಿದರು. ನಾನು ತೂಗಿದೆ. ಇಪ್ಪತ್ಮೂರು.

ಫೇಲ್ ಎಂದು ಬರೆದೆ. ಕಾಕಾ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಹೆಂಡತಿ ಆಶಾಬಿ ಸಂತೆಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ತಂಪುಮನೆಯ ದೊಡ್ಡ ಪೈಪಿನ ಬೆಸುಗೆ ಬಿರುಕು ಬಿಟ್ಟು ಗ್ಯಾಸ್ ಜಿನುಗತೊಡಗಿತು. ಮೇಲ್ವಿಚಾರಕ ಚನ್ನವೀರ ಹಾವನೂರ ಬೆವರು ಒರೆಸಿಕೊಳ್ಳುತ್ತ ನಮ್ಮ ತರಬೇತಿ ಶಾಲೆಗೆ ಓಡಿ ಬಂದ.

"ಮೇಡಂ, ನದಾಫರಿಗೆ ಬಿಲ್ಲೆ ವಾಪಸ್ ಕೊಡ್ರಿ. ಒಂದ ಸಹಿ ಸಾಕು. ಒಂಬೈನೂರ ಮಂದಿ ಒಳಗ ಅದಾರ್ರಿ."

"ಒಂಬೈನೂರ ಮಂದಿ ಅದಾರಂತನ ಸಹಿ ಹಾಕಾಂಗಿಲ್ಲ," ಎಂದೆ. "ನಡೀರಿ, ನಾನ ಬರ್ತೀನಿ."

ಹೇಳಿದ್ದೇನೋ ಹೇಳಿದೆ. ನನ್ನ ಕೊರಳಲ್ಲೂ ಬಿಲ್ಲೆಯಿತ್ತು, ಆದರೆ ಪರೀಕ್ಷಕಿಯಾದ ಮೇಲೆ ನಾನು ದೊಡ್ಡ ಯಂತ್ರ ಮುಟ್ಟಿರಲಿಲ್ಲ. ಗ್ಯಾಸೆಲ್ಲ ಇಳಿಸದೆ ಪೈಪಿಗೆ ಬೆಂಕಿ ತೋರಿಸುವಂತಿಲ್ಲ, ತೋರಿಸಿದರೆ ಗ್ಯಾಸು ವಿಷದ ಹೊಗೆಯಾಗುತ್ತದೆ. ಯಂತ್ರ ನಿಲ್ಲಿಸಿದರೆ ಆ ದಪ್ಪ ಗೋಡೆಗಳು ನಾಲ್ಕು ಗಂಟೆ ತಂಪು ಹಿಡಿದಾವು, ಅಷ್ಟೆ. ಯಂತ್ರದ ಕೋಣೆಯ ಬಾಗಿಲಲ್ಲಿ ಕಾಕಾ ನಿಂತಿದ್ದರು. ಯಾರೂ ಕರೆದಿರಲಿಲ್ಲ.

"ನಾ ಮುಟ್ಟೂದಿಲ್ಲ. ಹೇಳ್ತೀನಿ, ನೀ ಮಾಡು," ಎಂದರು.

ಯಾವ ವಾಲ್ವ್ ಮೊದಲು, ಯಾವುದು ಉಲ್ಟಾ ತಿರುಗುತ್ತದೆ, ಎಲ್ಲಿ ಪೈಪ್ ನಡುಗಿದರೆ ಹೆದರಬಾರದು, ಒಂದೊಂದನ್ನೂ ಹೇಳಿದರು. ಯಂತ್ರದ ಫಲಕದಲ್ಲಿ ಗ್ಯಾಸ್ ನಲವತ್ತು ಕಿಲೋ ಎಂದಿತ್ತು, ಅದಕ್ಕೇ ಎರಡು ಸಿಲಿಂಡರ್ ತಂದಿದ್ದೆ. ಎರಡೂ ಇಪ್ಪತ್ತಿಪ್ಪತ್ತು ಆದವು. ಯಂತ್ರದಲ್ಲಿ ಇನ್ನೂ ಗ್ಯಾಸ್ ಉಳಿದಿತ್ತು. ಮೂರನೆಯ ಸಿಲಿಂಡರ್ ಹಾವೇರಿಯಿಂದ ಬರಬೇಕು. ಗೋಡೆಯಾಚೆ ಮಕ್ಕಳ ಅಳು ಕೇಳುತ್ತಿತ್ತು. ಬಾಗಿಲಲ್ಲಿ ಚನ್ನವೀರ ಒಳಗಿನ ಉಷ್ಣತೆ ಕೂಗಿ ಹೇಳುತ್ತಿದ್ದ: "ಮೂವತ್ನಾಲ್ಕ ಆತ್ರಿ!"

ಹೆಚ್ಚೆಂದರೆ ನಾಲ್ಕು ಕಿಲೋ, ಎರಡನೆಯದಕ್ಕೇ ಇಳಿಸಿದರಾಯಿತು ಎಂದುಕೊಂಡು ವಾಲ್ವಿಗೆ ಕೈ ಹಾಕಿದೆ.

"ಕೈ ತಗಿ!" ಕಾಕಾ ಗದರಿದರು. "ಮೂರ ಕಿಲೋಕ್ಕ ನನ್ನ ಫೇಲ್ ಮಾಡಿದಿ. ನಾಕ ಕಿಲೋಕ್ಕ ನಿನ್ನ ಪಾಸ್ ಮಾಡ್ಲೇನು?"

ಕೈ ತೆಗೆದೆ. ಇಪ್ಪತ್ತೈದು ನಿಮಿಷ ಇಬ್ಬರೂ ನೆಲದ ಮೇಲೆ ಕೂತೆವು. ಆಗ ಅವರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಆ ನಾಕ ಕಿಲೋ ನಂದ ತಪ್ಪವ್ವ. ಹ್ವಾದ ವರ್ಷ ಈ ಯಂತ್ರಕ್ಕ ಕೈ ಅಂದಾಜಿನ ಮ್ಯಾಲ ಹೆಚ್ಚ ತುಂಬಿದ್ದೆ. ಬೆರಳಿಗೆ ತೂಕ ತಿಳಿಯೂದು ನಿಂತು ಎರಡ ವರ್ಷ ಆತು. ಯಾರ ಮುಂದೂ ಹೇಳಿಲ್ಲ. ಆಶಾಬಿಗೂ."

ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಹಾವೇರಿಯ ಗಾಡಿ ಬಂತು.

ಉಳಿದ ಗ್ಯಾಸ್ ಇಳಿಸಿ, ಬೆಸುಗೆ ಹಾಕಿ, ಸೋರುತ್ತದೆಯೇ ಎಂದು ಪರೀಕ್ಷಿಸಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು, ನಲವತ್ತು ಕಿಲೋ ತೂಗಿ ತುಂಬಿದೆ. ಯಂತ್ರ ಮತ್ತೆ ಶುರುವಾದಾಗ ಸಂಜೆ ನಾಲ್ಕು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಒಬ್ಬ ಅಜ್ಜಿಗೆ ತಲೆ ಸುತ್ತಿ ಬಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನೀರು ಕುಡಿದು ಎದ್ದು ಕೂತ ಅಜ್ಜಿ ಚನ್ನವೀರನನ್ನು ಚೆನ್ನಾಗಿ ಬೈದಳಂತೆ.

ಮಳೆಗಾಲದಲ್ಲಿ ಕಾಕಾ ನಮ್ಮ ಶಾಲೆಗೆ ಸೇರಿದರು. ಅರವತ್ತೊಂದರ ಪ್ರಾಯದಲ್ಲಿ, ಹದಿನೆಂಟರ ಹುಡುಗಿಯರ ನಡುವೆ, ಕನ್ನಡಕ ಏರಿಸಿಕೊಂಡು ನಲವತ್ತು ದಿನ ಪಾಠ ಬರೆದುಕೊಂಡರು. ಪರೀಕ್ಷೆಯ ದಿನ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಹತ್ತೊಂಬತ್ತೂವರೆ ಕಿಲೋಕ್ಕೆ ನಿಲ್ಲಿಸಿದರು. ಬಿಲ್ಲೆಯನ್ನು ನಾನೇ ಅವರ ಕೊರಳಿಗೆ ಹಾಕಿದೆ. ಮರುದಿನ ಆಶಾಬಿ ಶಾಲೆಗೆ ಡಬ್ಬಿ ತುಂಬ ಗೋದಿ-ಬೆಲ್ಲದ ಮಾದಲಿ ಕಳಿಸಿದರು.

ಈಗ ನಿಮ್ಮಲ್ಲಿ ಒಂದು ಕೋರಿಕೆ. ಹಳೆ ಗೋದಾಮುಗಳ ನೆಲ ಅಗೆದಾಗ ನಿಮ್ಮ ಕಾಲದ ಸಿಲಿಂಡರುಗಳು ನಮಗೆ ಸಿಗುತ್ತಿರುತ್ತವೆ. ಒಳಗೆ ಯಾವ ಗ್ಯಾಸು, ಎಷ್ಟು ಎಂಬುದು ತಿಳಿಯದೆ ಮರಳುಚೀಲಗಳ ಹಿಂದೆ ನಿಂತು, ಜೀವ ಕೈಯಲ್ಲಿ ಹಿಡಿದು ತೆರೆಯುತ್ತೇವೆ. ಕಳೆದ ತಿಂಗಳು ಸಿಕ್ಕ ಒಂದರ ಕೊರಳಲ್ಲಿ ತಗಡಿನ ಚೀಟಿಯಿತ್ತು. ಗ್ಯಾಸಿನ ಹೆಸರು, ತೂಕ, ತಾರೀಖು, ತುಂಬಿದವರ ಸಹಿ, ಎಲ್ಲವನ್ನೂ ಮೊಳೆಯಿಂದ ಕೊರೆದಿದ್ದರು. ತೂಗಿದೆವು, ಸರಿಯಾಗಿತ್ತು. ಆ ದಿನ ನಮ್ಮ ಹುಡುಗಿಯರು ಮರಳುಚೀಲ ಬದಿಗೆ ಸರಿಸಿ ಕೆಲಸ ಮಾಡಿದರು. ಆ ಸಹಿ ಯಾರದೋ ನಮಗೆ ತಿಳಿಯದು, ನಿಮ್ಮಲ್ಲೊಬ್ಬರದು. ಅವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ.

ನೀವೂ ತೂಗಿ, ಬರೆದು, ಸಹಿ ಮಾಡಿ. ನಾವು ಓದುತ್ತೇವೆ.

ನಿಮ್ಮ,
ಕಸ್ತೂರೆವ್ವ ಲಮಾಣಿ