ಕಾಲು ಮುಂದಾಗಿ ಹುಟ್ಟಿದ ಮಗಳಿಗೆ

ಮೌನಿಕಾ,

ಮೊದಲ ಬಸ್ಸಿಗೆ ಬಳ್ಳಾರಿಗೆ ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ. ಇವತ್ತೇ ನಿಮ್ಮಪ್ಪನ ಬೆನ್ನಿನ ಆಪರೇಷನ್. ಮಾಡಿದರೆ ಕಾಲಿಗೆ ಶಕ್ತಿ ಬರಬಹುದು, ಬರದೆಯೂ ಇರಬಹುದು. ಮಾಡದಿದ್ದರೆ ಇರುವುದೂ ಹೋಗುತ್ತದಂತೆ. ಇದರಲ್ಲಿ ನಾನು ಏನನ್ನು ಆರಿಸಲಿ? ನಿನ್ನೆ ಸಹಿ ಹಾಕಿ ಬಂದೆ.

ಆಪರೇಷನ್ ಸರ್ಕಾರದ ಕಾರ್ಡಿನಲ್ಲಿ ಪುಕ್ಕಟೆ ಆಗುತ್ತದೆ. ಬೆನ್ನಿಗೆ ಕೂಡಿಸುವ ಸ್ಕ್ರೂಗಳಿಗೆ ಮಾತ್ರ ನಾವೇ ದುಡ್ಡು ಕೊಡಬೇಕಂತೆ. ಅದಕ್ಕೇ ಎಮ್ಮೆ ಮಾರಿದೆ, ಒಯ್ಯಲು ಮಧ್ಯಾಹ್ನ ಹಚ್ಚೊಳ್ಳಿಯವರು ಬರುತ್ತಾರೆ. ಹಗ್ಗ ಬಿಚ್ಚಿಟ್ಟುಕೊಂಡು ಎಮ್ಮೆ ಕೊಡು. ಅವರೆದುರು ಅಳಬೇಡ.

ಅನ್ನ ಮುಚ್ಚಿಟ್ಟಿದ್ದೇನೆ. ನಿನ್ನೆಯ ಹಾಗೆ ನಾಯಿಗೆ ಹಾಕಿದರೆ ನೋಡು!

ಕಾಲು ಮುಂದಾಗಿ ಹುಟ್ಟಿದವಳು ತುಳಿದರೆ ನೋವು ಬಿಡುತ್ತದೆ ಅಂತ ಸೊಂಟ ಹಿಡಿದವರೆಲ್ಲ ನಿನ್ನಿಂದ ತುಳಿಸಿಕೊಂಡರು, ನಿಮ್ಮಪ್ಪನೂ ತುಳಿಸಿಕೊಂಡರು. ಅದಕ್ಕೇ ಹೀಗಾಯಿತು ಅಂತ ಕೊರಗುತ್ತೀಯಲ್ಲ, ಡಾಕ್ಟರನ್ನೇ ಕೇಳಿದೆ. "ಇಲ್ರಿ ಅಮ್ಮ, ಬೆನ್ನೊಳಗ ಗಡ್ಡಿ ಮೊದ್ಲಿಂದ ಬೆಳದೈತಿ, ಹುಡುಗಿ ತುಳಿದಿದ್ದಕ್ಕ ಬಂದಿದ್ದಲ್ಲ" ಅಂದರು. ಇನ್ನಾದರೂ ಸಾಕು ಮಾಡು.

ನಾಳಿದ್ದು ಪರಶು ಮಾವನ ಜೊತೆ ಆಸ್ಪತ್ರೆಗೆ ಬಾ. ಏನು ತರಲಿ ಅಂತ ನಿಮ್ಮಪ್ಪನನ್ನು ಕೇಳಿದ್ದಕ್ಕೆ, "ಏನೂ ಬ್ಯಾಡ, ಮೌನೀನ ಕರಸು. ಆಪರೇಷನ್ ಆದಮ್ಯಾಲೆ ನನ್ನ ಪಾದದ ಮ್ಯಾಲೆ ಅಕಿ ಕಾಲಿಡ್ಲಿ. ಗೊತ್ತಾಗತೈತೋ ಇಲ್ಲೋ ಅಕಿಗೇ ಮೊದ್ಲು ಹೇಳ್ತೀನಿ" ಅಂದರು. ಕರೆಸುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಕಾಲು ತೊಳೆದುಕೊಂಡು ಬಾ.

ಅವ್ವ