ಮಗಳು ಆರಿಸಿದ ವಿಶ್ವವಿದ್ಯಾಲಯ

ರೀ,

ಮಗಳಿಗೆ ಸೀಟು ಸಿಕ್ಕಿರುವ ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಇವತ್ತು ನೋಡಿ ಬಂದೆವು. ಮೊದಲನೆಯದರಲ್ಲಿ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಜೋರಾಗಿ ಚರ್ಚೆ ಮಾಡುತ್ತಿದ್ದರು. ಇವಳೂ ನಡುವೆ ನುಗ್ಗಿ ಎಲ್ಲರ ಬಾಯಿ ಮುಚ್ಚಿಸಿದಳು.

"ಅಬ್ಬಾ, ಯಾರಮ್ಮಾ ನಿನ್ನ ಗುರು?" ಎಂದು ಒಬ್ಬಳು ನಕ್ಕಳು.

"ಅಪ್ಪ" ಎಂದವಳೇ ಎದ್ದು ಬಂದಳು.

ಎರಡನೆಯದರಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಯಾರೂ ತಲೆ ಎತ್ತಲಿಲ್ಲ. ಅದನ್ನೇ ಆರಿಸಿಕೊಂಡಳು.

"ಇದೇನು ಕಾಲೇಜಾ, ಬಸ್ ಸ್ಟ್ಯಾಂಡಾ?" ಎಂದೆ.

"ಇಲ್ಲಿ ಯಾರೂ ಅಪ್ಪನ ಬಗ್ಗೆ ಏನೂ ಕೇಳಲ್ಲಮ್ಮ."

ನಿಮ್ಮ ಮೇಲೆ ಮೈಯೆಲ್ಲ ಉರಿಯಿತು. ಎದೆನೋವು ಬಂದ ದಿನ ಆಸ್ಪತ್ರೆಗೆ ಹೋಗೋಣ ಎಂದರೆ, "ಬರೀ ಗ್ಯಾಸು ಕಣೇ" ಎಂದು ವಾದ ಮಾಡಿ ಗೆದ್ದಿರಿ. ಸಂಜೆಯೊಳಗೆ ನಮ್ಮನ್ನು ಬಿಟ್ಟು ಹೋಗಿಯೇಬಿಟ್ಟಿರಿ. ಅಂಥ ಗೆಲುವು ಯಾರಿಗೆ ಬೇಕಿತ್ತು? ಮಗಳಿಗೆ ವಾದ ಕಲಿಸಿದಿರಿ, ನನಗೆ ಕಲಿಸಲಿಲ್ಲ. ಅವಳು ಮುಂದೆ ಹಿಡಿದ ಅರ್ಜಿಗೆ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ.